ತಿರುಗಿ ನೋಡಬಹುದು, ಬಾಗಿ ನೋಡಲಾಗದು: ವಿಆರ್ ಹೆಡ್‌ಸೆಟ್ಟಿನ ದೀರ್ಘ ಬಳಕೆಯ ನಂತರ

ಕಂಪ್ಯೂಟರಿನ ಹಂಗಿಲ್ಲದೆ ತಾನೇ ಕೆಲಸ ಮಾಡುವ, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಒಂದನ್ನು ಗದಗಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹೊಸದನ್ನು ಕೊಳ್ಳುವಷ್ಟು ಹಣ ಹೈಸ್ಕೂಲು ಮಾಸ್ತರನ ಸಂಬಳದಲ್ಲಿ ಉಳಿಯುವುದಿಲ್ಲವಾದ್ದರಿಂದ, ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬಳಸಿ ಬಿಟ್ಟಿದ್ದನ್ನು ಅರ್ಧ ಬೆಲೆಗೆ ತೆಗೆದುಕೊಂಡೆ. ಅದರ ಚಿಪ್ಪು, ಮೆಮೊರಿ, ಲೆನ್ಸುಗಳ ವಿವರ ಎಲ್ಲೆಡೆ ಸಿಗುತ್ತದೆ. ಕಂಪನಿಯ ಹೆಸರೂ ಇಲ್ಲಿ ಬೇಕಿಲ್ಲ, ಏಕೆಂದರೆ ನನ್ನ ತಕರಾರು ಈ ದರ್ಜೆಯ ಹೆಡ್‌ಸೆಟ್ಟುಗಳಿಗೆಲ್ಲ ಅನ್ವಯಿಸುವಂಥದ್ದು. ಅವುಗಳ ವಿಡಿಯೊ ವಿಭಾಗದಲ್ಲಿ ‘ವಿಆರ್’ ಎಂಬ ಹಣೆಪಟ್ಟಿ ಹೊತ್ತಿರುವ ಹೆಚ್ಚಿನವು ವಿಆರ್ ಅಲ್ಲವೇ ಅಲ್ಲ. ಅವು ಸುತ್ತಲೂ ಕಾಣುವ 360 ಡಿಗ್ರಿ ವಿಡಿಯೊಗಳು, ಅಷ್ಟೆ.

ಈ ಅಂತರ ನನಗೆ ಮನದಟ್ಟಾದದ್ದು ಲಕ್ಕುಂಡಿಯ ದೆಸೆಯಿಂದ. ನಮ್ಮೂರಿನಿಂದ ಸುಮಾರು 12 ಕಿಲೊಮೀಟರ್ ದೂರದ ಆ ಊರಿನಲ್ಲಿ ಕಾಶಿವಿಶ್ವನಾಥ ಗುಡಿಯಿದೆ. ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗರ್ಭಗುಡಿಯನ್ನೂ ಕಟ್ಟಿರುವುದು ಅದರ ವಿಶೇಷ. ಅಲ್ಲಿಯ ಕಂಬಗಳು ನುಣುಪಾದ ಬಳಪದ ಕಲ್ಲಿನವು. ಅಂತರ್ಜಾಲದಲ್ಲಿ ಸಿಕ್ಕ ಒಂದು ವಿಡಿಯೊದಲ್ಲಿ ನಾನು ಆ ಗುಡಿಯ ಮಂಟಪದ ನಡುವೆ ನಿಂತಿದ್ದೆ. ತಲೆಯೆತ್ತಿದರೆ ಚಾವಣಿ, ಹಿಂದಿರುಗಿದರೆ ಬಾಗಿಲು, ಎಲ್ಲವೂ ಇದ್ದಲ್ಲೇ ಇದ್ದವು. ಕಂಬದ ಮರೆಯಲ್ಲಿದ್ದ ಬಾಗಿಲವಾಡದ ಕೆತ್ತನೆಯನ್ನು ನೋಡಲೆಂದು ತಲೆಯನ್ನು ಒಂದು ಗೇಣು ಪಕ್ಕಕ್ಕೆ ಚಾಚಿದೆ. ಕಂಬ ಅಷ್ಟೇ ಸರಿಯಿತು, ಬಾಗಿಲವಾಡವೂ ಅಷ್ಟೇ ಸರಿಯಿತು; ಇಡೀ ಗುಡಿಯೇ ನನ್ನ ತಲೆಯೊಂದಿಗೆ ಪಕ್ಕಕ್ಕೆ ಬಂದಿತು. ಮರೆಯಲ್ಲಿದ್ದದ್ದು ಮರೆಯಲ್ಲೇ ಉಳಿಯಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಕಂಬದ ಮೇಲಿನ ಹೊಳಪು. ಲಕ್ಕುಂಡಿಗೆ ಹೋದವರು ಗಮನಿಸಿರಬಹುದು, ನಾವು ನಡೆದಂತೆ ಆ ಹೊಳಪು ಕಂಬದ ಮೈಮೇಲೆ ಜಾರುತ್ತ ನಮ್ಮೊಂದಿಗೆ ಬರುತ್ತದೆ. ವಿಡಿಯೊದಲ್ಲಿ ಅದು ಕದಲದ ಬಿಳಿ ಕಲೆಯಾಗಿತ್ತು.

ಕಾರಣವೇನೂ ಗಹನವಲ್ಲ. ಕ್ಯಾಮೆರಾ ತಾನು ನಿಂತ ಒಂದು ಜಾಗಕ್ಕೆ ಎಲ್ಲ ದಿಕ್ಕುಗಳಿಂದ ಬಂದು ತಲುಪಿದ ಬೆಳಕನ್ನಷ್ಟೇ ಹಿಡಿದಿರುತ್ತದೆ. ಆ ಚಿತ್ರವನ್ನು ಗುಂಬಜದ ಒಳಮೈಗೆ ಬಳಿದಂತೆ ನಮ್ಮ ಸುತ್ತ ಹರಡಿ, ನಮ್ಮನ್ನು ಅದರ ನಟ್ಟನಡುವೆ ಕೂರಿಸುತ್ತಾರೆ. ತಲೆಯನ್ನು ಎಡಬಲಕ್ಕೆ ತಿರುಗಿಸುವುದು, ಮೇಲೆ ಕೆಳಗೆ ಮಾಡುವುದು, ಓರೆ ಮಾಡುವುದು, ಈ ಮೂರು ಚಲನೆಗಳಿಗೆ ಮಾತ್ರ ಅದು ಸ್ಪಂದಿಸಬಲ್ಲದು; ಬಲ್ಲವರು ಇದನ್ನು ತ್ರೀ-ಡಾಫ್, ಅಂದರೆ ಮೂರು ಬಗೆಯ ಚಲನೆಯ ಸ್ವಾತಂತ್ರ್ಯ, ಎನ್ನುತ್ತಾರೆ. ನಿಜವಾದ ವಿಆರ್‌ನಲ್ಲಿ ಇನ್ನೂ ಮೂರು ಸೇರುತ್ತವೆ: ಪಕ್ಕಕ್ಕೆ ಸರಿಯುವುದು, ಮುಂದೆ ಹಿಂದೆ ಹೋಗುವುದು, ಕೂತು ಏಳುವುದು. ಅಲ್ಲಿ ಮೊದಲೇ ತೆಗೆದಿಟ್ಟ ಚಿತ್ರವಿರುವುದಿಲ್ಲ. ವಸ್ತುಗಳ ಮೂರು ಆಯಾಮದ ಮಾದರಿಯಿರುತ್ತದೆ. ಹೆಡ್‌ಸೆಟ್ಟಿನ ಕ್ಯಾಮೆರಾಗಳು ಕೋಣೆಯನ್ನು ನೋಡುತ್ತ ತಲೆ ಎಲ್ಲಿದೆಯೆಂದು ಅಳೆಯುತ್ತವೆ, ಮತ್ತು ಎಡಗಣ್ಣು ಇರುವ ಜಾಗದಿಂದ ಒಂದು, ಬಲಗಣ್ಣು ಇರುವ ಜಾಗದಿಂದ ಇನ್ನೊಂದು ಎಂದು ಸೆಕೆಂಡಿಗೆ 72 ಅಥವಾ 90 ಸಲ ಚಿತ್ರವನ್ನು ಲೆಕ್ಕ ಹಾಕಿ ಬರೆಯಲಾಗುತ್ತದೆ. ಎರಡರ ವಂಶವೂ ಬೇರೆ. ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಹಕ್ಕುಪತ್ರ ಪಡೆದ, ಪ್ರೇಕ್ಷಕರನ್ನು ನಡುವೆ ನಿಲ್ಲಿಸಿ ಸುತ್ತಲೂ ಚಿತ್ರ ತೋರಿಸುವ ಪನೋರಮಾದ ಸಂತಾನ ಒಂದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಇವಾನ್ ಸದರ್‌ಲ್ಯಾಂಡ್ 1968ರಲ್ಲಿ ಚಾವಣಿಯಿಂದ ಇಳಿಬಿಟ್ಟ ತೋಳಿನ ಮೂಲಕ ತಲೆಯ ಸ್ಥಾನವನ್ನೇ ಅಳೆದು, ಗೆರೆಗಳ ಆಕೃತಿಯನ್ನು ಅದಕ್ಕೆ ತಕ್ಕಂತೆ ಬದಲಿಸಿ ತೋರಿಸಿದ ಯಂತ್ರದ ಸಂತಾನ ಇನ್ನೊಂದು.

ಸ್ಪಷ್ಟತೆಯ ವಿಷಯದಲ್ಲಿಯೂ ಹಣೆಪಟ್ಟಿ ದಾರಿ ತಪ್ಪಿಸುತ್ತದೆ. 360 ವಿಡಿಯೊದ ಮೇಲೆ 5.7ಕೆ ಎಂದಿದ್ದರೆ ಟಿವಿಯ 4ಕೆಗಿಂತ ಮಿಗಿಲಾದದ್ದೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಅಡ್ಡಸಾಲಿನ ಆ 5760 ಚುಕ್ಕಿಗಳು 360 ಡಿಗ್ರಿಗೆ ಹಂಚಿಹೋಗಬೇಕು; ಒಂದು ಡಿಗ್ರಿಗೆ ಸಿಗುವುದು 16 ಮಾತ್ರ. ಒಳ್ಳೆಯ ಕಣ್ಣು ಸುಮಾರು 60ರವರೆಗೆ ಗುರುತಿಸಬಲ್ಲದು. ಜತೆಗೆ ಇಂಥ ವಿಡಿಯೊಗಳಲ್ಲಿ ಬಹಳಷ್ಟು ಎರಡೂ ಕಣ್ಣಿಗೆ ಒಂದೇ ಚಿತ್ರ ತೋರಿಸುವಂಥವು, ಆದ್ದರಿಂದ ಆಳವೂ ಕಾಣುವುದಿಲ್ಲ. ಎದುರಿನ ಅರ್ಧವನ್ನು ಮಾತ್ರ ಎರಡು ಕಣ್ಣಿಗೂ ಬೇರೆ ಬೇರೆಯಾಗಿ ಚಿತ್ರಿಸುವ ವಿಆರ್180 ಎಂಬ ಬಗೆ 2017ರಲ್ಲಿ ಬಂದಿತು. ನನ್ನ ಕಣ್ಣಿಗೆ ಅದು ಪೂರ್ತಿ ಸುತ್ತಿನ ವಿಡಿಯೊಗಿಂತ ಎಷ್ಟೋ ವಾಸಿ.

ನಿಜವಾದ ವಿಆರ್ ಜಾಗ ಕೇಳುತ್ತದೆ. ರಾತ್ರಿ ಊಟವಾದ ಮೇಲೆ ಪಡಸಾಲೆಯ ಟೀಪಾಯಿಯನ್ನು ಗೋಡೆಗೆ ಸರಿಸಿ, ಮಡಿಸುವ ಮಂಚವನ್ನು ಎತ್ತಿಟ್ಟು, ನಡುವೆ ನವಲಗುಂದದ ಜಮಖಾನೆ ಹಾಸುತ್ತೇನೆ. ಹೆಡ್‌ಸೆಟ್ಟು ತಾನೇ ಗಡಿಗೆರೆ ತೋರಿಸುತ್ತದಾದರೂ ನನಗೆ ಅದರ ಮೇಲಿಗಿಂತ ನನ್ನ ಬರಿಗಾಲಿನ ಮೇಲೆ ಹೆಚ್ಚು ನಂಬಿಕೆ; ಜಮಖಾನೆಯ ಅಂಚು ದಾಟಿ ಪಾದಕ್ಕೆ ತಣ್ಣನೆಯ ನೆಲ ತಾಗಿದೊಡನೆ ನಿಲ್ಲಬೇಕೆಂದು ತಿಳಿಯುತ್ತದೆ. ಒಂದು ಮೂಲೆಯಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಗಾಳಿ ಬೀಸುವ ಕಡೆಯಿಂದ ದಿಕ್ಕೂ ಗೊತ್ತಾಗುತ್ತದೆ, ಮುಖವೂ ಬೆವರುವುದಿಲ್ಲ. ಬೇಸಿಗೆಯಲ್ಲಿ ಎರೆಹೊಲಗಳ ಕಡೆಯಿಂದ ಬರುವ ಧೂಳಿಗೆ ಲೆನ್ಸನ್ನು ನೇರವಾಗಿ ಒರೆಸಕೂಡದು. ಮೊದಲು ರಬ್ಬರಿನ ಊದುಗದಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ. ಕಿಟಕಿಯ ಬಳಿ ಲೆನ್ಸು ಮೇಲಾಗಿ ಇಡುವ ಮಾತಂತೂ ಇಲ್ಲ, ಬಿಸಿಲು ಲೆನ್ಸಿನ ಮೂಲಕ ಕೂಡಿ ಬಿದ್ದರೆ ಒಳಗಿನ ಪರದೆ ಸುಟ್ಟೇ ಹೋಗುತ್ತದೆ. ಕರೆಂಟು ಹೋದರೆ ಬ್ಯಾಟರಿಯಿದ್ದೂ ಆಟ ನಿಲ್ಲುತ್ತದೆ, ಕತ್ತಲಲ್ಲಿ ಕ್ಯಾಮೆರಾಗಳಿಗೆ ಕೋಣೆ ಕಾಣದು. 360 ವಿಡಿಯೊಗೆ ಇದಾವುದೂ ಬೇಡ, ಒಂದು ಕುರ್ಚಿ ಸಾಕು. ಹೆಡ್‌ಸೆಟ್ಟಿಗೆ ಕೊಟ್ಟ ಹಣ ಕುರ್ಚಿಯಲ್ಲಿ ಕೂತು ಕತ್ತು ತಿರುಗಿಸುವುದಕ್ಕಲ್ಲ ಎಂಬ ಸಿಟ್ಟು ನನಗೆ ಬಹಳ ಕಾಲ ಇತ್ತು.

ಆ ಸಿಟ್ಟನ್ನು ಹೆಚ್ಚಿಸಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕೆಲಸ. ಅವನು ಲಕ್ಕುಂಡಿಯ ಒಂದು ಕಂಬವನ್ನು ಮೊಬೈಲಿನಲ್ಲಿ ಸುತ್ತಲಿಂದ ನೂರಾರು ಫೋಟೊ ತೆಗೆದು, ಫೋಟೊಗ್ರಾಮೆಟ್ರಿ ತಂತ್ರಾಂಶದಲ್ಲಿ ಕೂಡಿಸಿ ಮೂರು ಆಯಾಮದ ಮಾದರಿ ಮಾಡಿಕೊಟ್ಟ. ಅದು ಒರಟಾಗಿತ್ತು. ಫೋಟೊ ಸಿಗದ ತಲೆಯ ಭಾಗದಲ್ಲಿ ತೂತು ಬಿದ್ದಿತ್ತು. ನುಣುಪಾದ ಕಲ್ಲು ಒಂದೊಂದು ಕಡೆಯಿಂದ ಒಂದೊಂದು ರೀತಿ ಹೊಳೆಯುವುದರಿಂದ ತಂತ್ರಾಂಶಕ್ಕೆ ಗುರುತು ಸಿಗದೆ, ಅಲ್ಲಲ್ಲಿ ಮೈ ಉಬ್ಬಿತಗ್ಗಾಗಿತ್ತು. ಆದರೂ ಜಮಖಾನೆಯ ಮೇಲೆ ಮೊಣಕಾಲೂರಿ ನಾನು ಆ ಕಂಬದ ಬುಡದ ಕೆತ್ತನೆಯನ್ನು ಕೆಳಗಿನಿಂದ ನೋಡಿದೆ, ಸುತ್ತು ಹಾಕಿ ಬೆನ್ನು ನೋಡಿದೆ, ಅದರ ಎತ್ತರ ನನ್ನ ಎತ್ತರಕ್ಕಿಂತ ಎಷ್ಟು ಹೆಚ್ಚೆಂದು ಮೈಗೇ ತಿಳಿಯಿತು. ಫೋಟೊಗಳಿಂದಲೇ ಮೂರು ಆಯಾಮದ ದೃಶ್ಯ ಕಟ್ಟುವ, 2023ರಲ್ಲಿ ಬಂದ ಗಾಸಿಯನ್ ಸ್ಪ್ಲಾಟಿಂಗ್ ಎಂಬ ವಿಧಾನ ಕದಲುವ ಹೊಳಪನ್ನೂ ತಕ್ಕಮಟ್ಟಿಗೆ ಹಿಡಿಯಬಲ್ಲದು. ಹುಡುಗ ಈಗ ಅದರ ಬೆನ್ನುಹತ್ತಿದ್ದಾನೆ.

ಇಷ್ಟಾಗಿಯೂ 360 ವಿಡಿಯೊವನ್ನು ಪೂರ್ತಿ ತಳ್ಳಿಹಾಕದಂತೆ ಮಾಡಿದವಳು ಅವ್ವ. ಅವಳಿಗೆ ಮೊಣಕಾಲು ನೋವು. ನಿಜವಾದ ವಿಆರ್‌ನಲ್ಲಿ ಅವಳು ಕುರ್ಚಿಯ ಕೈ ಬಿಡಲೊಲ್ಲಳು. ಶಿವರಾತ್ರಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರನ್ನು ಸೋದರಳಿಯ 360 ಕ್ಯಾಮೆರಾದಲ್ಲಿ, ಕೋಲಿನ ತುದಿಗೆ ಸಿಕ್ಕಿಸಿ ಚಿತ್ರಿಸಿದ್ದ. ಬೆನ್ನಿಗೆ ಬೆನ್ನಾಗಿರುವ ಎರಡು ಲೆನ್ಸುಗಳ ಚಿತ್ರ ಕೂಡುವ ಗೆರೆಯಲ್ಲಿ ಹತ್ತಿರದ ಒಬ್ಬರ ಭುಜ ಎರಡಾಗಿತ್ತು, ಕೋಲು ಎತ್ತರವಾಗಿದ್ದರಿಂದ ನೋಡುವವರು ಗಾಳಿಯಲ್ಲಿ ತೇಲಿದಂತಿತ್ತು. ತಿರುಗುವ ಕುರ್ಚಿಯಲ್ಲಿ ಕೂತ ಅವ್ವ, ಉತ್ತತ್ತಿ ಬಾಳೆಹಣ್ಣು ಹಾರುತ್ತಿದ್ದ ತೇರಿಗೆ ಕೈಮುಗಿದು, ಕೂಡಲೇ ಅದಕ್ಕೆ ಬೆನ್ನು ತಿರುಗಿಸಿದಳು. ಯಾಕೆಂದು ಕೇಳಿದರೆ, “ತೇರು ವರ್ಷಾ ಟೀವ್ಯಾಗ ನೋಡತೇನಿ, ಮಂದೀನ ನೋಡೂಣು ತಡಿ” ಎಂದಳು. ನಿಜವಾದ ವಿಆರ್ ಮಾಡಲಾರದ ಕೆಲಸವಿದು. ಸಾವಿರಾರು ಜನರ ಒಂದು ಮಧ್ಯಾಹ್ನವನ್ನು ಮಾದರಿಯಾಗಿ ಕಟ್ಟುವುದು ನಮ್ಮಂಥವರ ಅಳವಲ್ಲ. ಸುತ್ತಲೂ ಚಿತ್ರಿಸಿಕೊಂಡು ಬರುವುದು ಅಳಿಯನಂಥ ಹುಡುಗನಿಗೂ ಸಾಧ್ಯ. ಕ್ಯಾಮೆರಾ ನಿಂತಲ್ಲೇ ನಿಂತಿರಬೇಕು, ಅಷ್ಟೆ. ಅದನ್ನು ಹಿಡಿದು ನಡೆದರೆ ಕಣ್ಣು ಚಲನೆ ಕಂಡರೂ ಒಳಗಿವಿಗೆ ಅದು ತಿಳಿಯುವುದಿಲ್ಲ. ಆಗ ಬಸ್ಸಿನಲ್ಲಿ ಆಗುವಂತೆಯೇ ತಲೆಸುತ್ತು, ಓಕರಿಕೆ.

ಶಾಲೆಗಳಿಗೆ ‘ವಿಆರ್ ಲ್ಯಾಬ್’ ಮಾರಲು ಬರುವವರ ಬಗ್ಗೆ ಒಂದು ಮಾತು. ಅವರು ತೋರಿಸುವ ಸೌರಮಂಡಲವೋ ಡೈನೋಸಾರೋ ಚೆನ್ನಾಗಿಯೇ ಕಾಣುತ್ತದೆ. ಹಾಕಿಕೊಂಡು ಒಂದು ಹೆಜ್ಜೆ ಪಕ್ಕಕ್ಕಿಡಿ, ಆಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ನೋಟ ಬದಲಾಗದೆ ದೃಶ್ಯವೇ ನಿಮ್ಮೊಂದಿಗೆ ಸರಿದು ಇಳಿದರೆ, ನಿಮಗೆ ಮಾರುತ್ತಿರುವುದು ಸುತ್ತುವಿಡಿಯೊ. ಅದಕ್ಕೆ ಇದ್ದ ಮೊಬೈಲನ್ನೇ ರಟ್ಟಿನ ಡಬ್ಬಿಗೆ ಹಾಕಿಕೊಂಡರೂ ನಡೆಯುತ್ತದೆ, ಯೂಟ್ಯೂಬಿನಲ್ಲಿ 2015ರಿಂದಲೇ ಅಂಥ ವಿಡಿಯೊಗಳಿಗೆ ಅವಕಾಶವಿದೆ. ಬರಿ ವಿಡಿಯೊ ನೋಡುವ ಆಸೆಯುಳ್ಳವರು ಈ ದರ್ಜೆಯ ಹೆಡ್‌ಸೆಟ್ಟಿಗೆ ಹಣ ಸುರಿಯಬೇಕಿಲ್ಲ. ಎದ್ದು ಓಡಾಡಲು ಎಂಟು ಅಡಿ ಚೌಕ ಖಾಲಿ ಜಾಗವಿದ್ದವರು ಬಳಸಿದ್ದನ್ನಾದರೂ ಕೊಳ್ಳಬಹುದು. ನನ್ನ ಮುಂದಿನ ಖರ್ಚು ತಲೆಪಟ್ಟಿಯದು. ಜತೆಗೆ ಬಂದ ಬಟ್ಟೆಯ ಪಟ್ಟಿ ಅರ್ಧ ಕಿಲೊ ಭಾರವನ್ನೆಲ್ಲ ಕೆನ್ನೆಯ ಮೂಳೆಗೆ ಹೇರುತ್ತದೆ, ಹಿಂದುಗಡೆ ಬ್ಯಾಟರಿ ಇರುವ ಗಟ್ಟಿ ಪಟ್ಟಿಯೊಂದು ಕಡಿಮೆ ಬೆಲೆಗೆ ಸಿಗುವುದನ್ನೇ ಕಾಯುತ್ತಿದ್ದೇನೆ.