ರೋಚೆಸ್ಟರ್ ನೋಡಬೇಕಾ, ಕೆನಿಲ್‌ವರ್ತ್ ನೋಡಬೇಕಾ?

ಇಂಗ್ಲೆಂಡಿನಲ್ಲಿ ಒಂದೇ ಕೋಟೆ ನೋಡಲು ಸಮಯವಿದ್ದರೆ, ಮುತ್ತಿಗೆಯ ಕಥೆ ತಿಳಿಯಲು ನಾನು ರೋಚೆಸ್ಟರ್ ಎನ್ನುತ್ತೇನೆ. ಅಲ್ಲಿ ಕಲ್ಲೇ ಕಾವಲು. 1215ರಲ್ಲಿ ದೊರೆ ಜಾನ್ ಗೋಪುರದ ಮೂಲೆಯಡಿ ಸುರಂಗ ತೋಡಿಸಿದ. ಅದಕ್ಕೆ ಆನಿಸಿದ್ದ ಮರದ ಕಂಬಗಳನ್ನು 40 ಹಂದಿಗಳ ಕೊಬ್ಬು ಹಾಕಿ ಸುಡಿಸಿದ. ಮೂಲೆ ಕುಸಿಯಿತು. ಒಳಗಿನವರು ಆಗಲೂ ಬಗ್ಗಲಿಲ್ಲ! ಗೋಪುರದ ನಡುಗೋಡೆಯ ಆಚೆ ಸರಿದು, ಕುದುರೆ ಮಾಂಸ ತಿಂದು ಕಾದಾಡಿದರು. ಕೊನೆಗೆ ಸೋಲಿಸಿದ್ದು ಹಸಿವು. ಮತ್ತೆ ಕಟ್ಟಿದ ಆ ಮೂಲೆ ಮಾತ್ರ ದುಂಡಗಿದೆ, ಉಳಿದ ಮೂರು ಚೌಕ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಕೆನಿಲ್‌ವರ್ತ್‌ಗೆ ನೀರೇ ಬಲ. ಪಕ್ಕದಲ್ಲೇ ದೊಡ್ಡ ಕೆರೆ, ಹಾಗಾಗಿ ಸುರಂಗದ ಆಟ ನಡೆಯುವುದು ಕಷ್ಟ. 1266ರಲ್ಲಿ ಮುತ್ತಿಗೆ ಹಾಕಿದವರು ದೋಣಿ ತರಿಸಿದರೂ ಒಳನುಗ್ಗಲಾಗಲಿಲ್ಲ. ಒಳಗಿನವರು ಸುಮಾರು ಆರು ತಿಂಗಳು ತಾಳಿ, ಹಸಿವು, ಕಾಯಿಲೆಯಿಂದ ಶರಣಾದರು. ತಾಳಿಕೆಯಲ್ಲಿ ಇದೇ ಜಾಸ್ತಿ. ಆದರೆ ಕೆರೆ ಈಗಿಲ್ಲ, ಊಹಿಸಿಕೊಳ್ಳಬೇಕು.