ಜಿಪಿಎಸ್ ಜಾಡು: ಆನ್‌ಲೈನ್‌ನಲ್ಲೋ, ಸ್ವಂತ ಕಂಪ್ಯೂಟರಿನಲ್ಲೋ?

ನಡೆದ ದಾರಿಯನ್ನು ಹತ್ತು ಜನರಿಗೆ ತೋರಿಸಬೇಕಿದ್ದರೆ ಆನ್‌ಲೈನ್ ತಾಣವೇ ಸಲೀಸು. ಜಾಡು ದಾಖಲಾಗಿರುವ ಜಿಪಿಎಕ್ಸ್ (GPX) ಕಡತ ಏರಿಸಿ ಕೊಂಡಿ ಕಳುಹಿಸಿದರಾಯಿತು. ನಕ್ಷೆಯ ಮೇಲೆ ಗೆರೆ ಮೂಡುತ್ತದೆ. ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ ಕಡತವನ್ನೇ ಕಳುಹಿಸಬೇಕು, ಅದನ್ನು ತೆರೆಯುವ ಆ್ಯಪ್ ಅವರ ಬಳಿಯೂ ಇರಬೇಕು.

ಆದರೆ ಗುಟ್ಟು ಉಳಿಯುವುದು ಕಂಪ್ಯೂಟರಿನಲ್ಲಿಯೇ. ಕಡತವನ್ನು ಒಮ್ಮೆ ಪಠ್ಯವಾಗಿ ತೆರೆದು ನೋಡಿ: ಪ್ರತಿ ಬಿಂದುವಿಗೂ ಅಕ್ಷಾಂಶ, ರೇಖಾಂಶ, ಸಾಮಾನ್ಯವಾಗಿ ಜೊತೆಗೆ ಎತ್ತರ, ಸೆಕೆಂಡಿನವರೆಗಿನ ಸಮಯ. ಮನೆಯಿಂದಲೇ ಹೊರಟಿದ್ದರೆ ಮೊದಲ ಬಿಂದುವೇ ನಿಮ್ಮ ಹೊಸ್ತಿಲು! ಜನರೇ ಸೇರಿ ಕಟ್ಟುವ ನಕ್ಷೆತಾಣ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜಾಡು ಯಾರಿಗೆ ಎಷ್ಟು ಕಾಣಬೇಕೆಂಬುದಕ್ಕೆ 4 ಆಯ್ಕೆಗಳಿವೆ. ಆರಿಸುವ ಮುನ್ನ ಓದಿಕೊಳ್ಳಿ.

ನಾನಂತೂ ಮೂಲ ಪ್ರತಿಯನ್ನು ಕಂಪ್ಯೂಟರಿನಲ್ಲಿಟ್ಟು, ಎರಡೂ ತುದಿ ಕತ್ತರಿಸಿದ ಪ್ರತಿಯನ್ನಷ್ಟೇ ಏರಿಸುತ್ತೇನೆ.