ವಿಲ್ಲಿ ನೆಲ್ಸನ್ "ರೆಡ್ ಹೆಡೆಡ್ ಸ್ಟ್ರೇಂಜರ್" (1975): ಶಫಲ್ ಆಫ್ ಮಾಡಿ ಕೇಳಿ

ನಮ್ಮ ಕೊಡಗಲ್ಲಿ ಕಂಟ್ರಿ ಮ್ಯೂಸಿಕ್ (ಅಮೆರಿಕದ ಹಳ್ಳಿಗಾಡಿನ ಹಾಡು) ಅಂದ್ರೆ ಹೆಚ್ಚಿನವರಿಗೆ ಗಾಯಕ ಜಿಮ್ ರೀವ್ಸ್, ಎಷ್ಟೋ ಹಳೇ ತೋಟದ ಮನೆಗಳಲ್ಲಿ ಆ ಕ್ಯಾಸೆಟ್ ಈಗ್ಲೂ ಸಿಗುತ್ತೆ. ಅದು ಬಿಟ್ಟು ಬೇರೆ ಏನ್ ಕೇಳ್ಲಿ ಅಂತ ಕೇಳೋರಿಗೆಲ್ಲ ನಾನು ಹೇಳೋದು ಅಮೆರಿಕದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಅವರ ಈ ಒಂದೇ ಆಲ್ಬಮ್.

ಪೂರ್ತಿ ಆಲ್ಬಮ್ಮೇ ಒಂದು ಕಥೆ, ಅದಕ್ಕೇ ಹಾಡುಗಳನ್ನ ಇದ್ದ ಕ್ರಮದಲ್ಲೇ ಕೇಳ್ಬೇಕು. ಹೆಂಡ್ತಿ ಬಿಟ್ಟು ಹೋದಳು ಅಂತ ಒಬ್ಬ ಪಾದ್ರಿ ಅವಳನ್ನೂ ಅವಳ ಜೊತೆಗಿದ್ದವನನ್ನೂ ಕೊಂದು, ಕುದುರೆ ಹತ್ತಿ ಊರೂರು ಅಲೀತಾನೆ. ಸುಮಾರು ಅರ್ಧ ಗಂಟೆ ಅಷ್ಟೇ.

ಆಗ ಕಂಟ್ರಿ ಮ್ಯೂಸಿಕ್ಕಿನ ಕೇಂದ್ರ ನ್ಯಾಶ್ವಿಲ್ಲಲ್ಲಿ ಹಾಡಿನ ಹಿಂದೆ ವಯಲಿನ್ ಗುಂಪು, ಕೋರಸ್ಸು ಎಲ್ಲಾ ತುಂಬೋದು ರೂಢಿ. ವಿಲ್ಲಿ ಅದನ್ನ ಬಿಟ್ಟು ಟೆಕ್ಸಾಸಿನ ಗಾರ್ಲೆಂಡಲ್ಲಿ ಒಂದು ಸಣ್ಣ ಸ್ಟುಡಿಯೋಗೆ ಹೋಗಿ ತನ್ನ ಬ್ಯಾಂಡ್ ಜೊತೆ ಕೆಲವೇ ದಿನದಲ್ಲಿ ಮುಗಿಸಿದ್ರು. ಕೊಲಂಬಿಯಾ ರೆಕಾರ್ಡ್ ಕಂಪನಿಯವರು ಕೇಳಿ ಇದು ಬರೀ ಡೆಮೋ, ಅಂದ್ರೆ ಕಚ್ಚಾ ರೆಕಾರ್ಡಿಂಗ್, ಅಂದ್ಕೊಂಡ್ರು, ಆದ್ರೆ ಕಾಂಟ್ರಾಕ್ಟಲ್ಲಿ ಆಲ್ಬಮ್ ಹೇಗಿರ್ಬೇಕು ಅನ್ನೋ ಪೂರ್ತಿ ಹಕ್ಕು ವಿಲ್ಲಿದೇ ಇತ್ತು, ಹಂಗಾಗಿ ಇದ್ದ ಹಾಗೇ ಬಿಟ್ರು. ಆಮೇಲೆ ಆಗಿದ್ದು ನೋಡಿ, ಇದರಲ್ಲಿರೋ 1940ರ ದಶಕದ ಫ್ರೆಡ್ ರೋಸ್ ಹಾಡು "ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೈನ್" ಕಂಟ್ರಿ ಚಾರ್ಟಲ್ಲಿ ನಂಬರ್ 1 ಆಯ್ತು, ಪಾಪ್ ಚಾರ್ಟಲ್ಲಿ 21ರ ತನಕ ಹೋಯ್ತು, ಗ್ರ್ಯಾಮಿ ಪ್ರಶಸ್ತಿನೂ ಬಂತು. ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿದ "ಕ್ರೇಜಿ" ಬರೆದವರು ಅಂತ ಗೊತ್ತಿದ್ದ ಮನುಷ್ಯ ತಾನೇ ಹಾಡಿ ನಂಬರ್ 1 ಆಗಿದ್ದು ಅದೇ ಮೊದ್ಲು.

ಕಂಪನಿಯವರಿಗೆ ಏನು ಕಮ್ಮಿ ಅನ್ಸಿತ್ತೋ ಅದೇ ಇದರ ಜೀವ. ನೈಲಾನ್ ತಂತಿಯ ಆ ಮಾರ್ಟಿನ್ ಗಿಟಾರು, ವಿಲ್ಲಿ ಅದಕ್ಕೆ ಟ್ರಿಗರ್ ಅಂತ ಹೆಸರಿಟ್ಟಿದಾರೆ, ಬಾರಿಸಿ ಬಾರಿಸಿ ಮರದಲ್ಲೇ ತೂತು ಬಿದ್ದಿರೋದು, ಅದರ ಒಂದೊಂದು ಸ್ವರಾನೂ ಬಿಡಿಬಿಡಿಯಾಗಿ ಕೇಳುತ್ತೆ. ಮಧ್ಯೆ ಮಧ್ಯೆ ಮಿಕ್ಕಿ ರಾಫೆಲ್ ಹಾರ್ಮೋನಿಕಾ. "ಜಸ್ಟ್ ಆ್ಯಸ್ ಐ ಆ್ಯಮ್" ಬಂದಾಗ ಮಾತೇ ಇಲ್ಲ, ಅಕ್ಕ ಬಾಬಿ ಚರ್ಚ್ ಹಾಡನ್ನ ಪಿಯಾನೋಲಿ ನುಡಿಸ್ತಾರೆ, ಕೊಲೆ ಆದ್ಮೇಲೆ ಅದು ಬರೋದ್ರಿಂದ ಎದೆ ಭಾರ ಆಗುತ್ತೆ. ನನಗೆ ಇಡೀ ಆಲ್ಬಮ್ಮಲ್ಲಿ ತುಂಬಾ ಇಷ್ಟ ಆಗಿದ್ದೇ ಅದು.

ಒಪ್ಪದೇ ಇರೋದೂ ಒಂದಿದೆ. ಟೈಟಲ್ ಹಾಡಲ್ಲಿ ಕುದುರೆ ಹಿಡ್ಕೊಂಡ್ಲು ಅಂತ ಇನ್ನೊಬ್ಬ ಹೆಂಗಸನ್ನ ಗುಂಡಿಟ್ಟು ಕೊಲ್ತಾನೆ, ಅದಕ್ಕೆ ಅವನಿಗೆ ಶಿಕ್ಷೆನೂ ಇಲ್ಲ, ಹಾಡು ಅದನ್ನ ಸರಿ ಅನ್ನೋ ಥರ ದಾಟಿ ಹೋಗುತ್ತೆ. ಹಳೇ ಕಥೆ ಅಂದ್ರೂ ಅಲ್ಲಿ ನನಗೆ ಪ್ರತಿ ಸಲ ಮುಜುಗರ ಆಗುತ್ತೆ. ಕಥೆನೂ ಎರಡನೇ ಸೈಡಲ್ಲಿ ಸ್ವಲ್ಪ ಸಡಿಲ, ಆದ್ರೆ "ಹ್ಯಾಂಡ್ಸ್ ಆನ್ ದ ವೀಲ್" ಬಂದಾಗ ಎಲ್ಲಾ ಒಂದ್ಕಡೆ ಸೇರುತ್ತೆ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೇಲಿ ಸ್ಪೀಕರ್ ಹಾಕ್ಕೊಂಡು ಕೇಳ್ಬೇಡಿ, ಶೀಟಿನ ಮೇಲೆ ಬೀಳೋ ಸದ್ದಲ್ಲಿ ಅರ್ಧ ಕೇಳಲ್ಲ, ಹೆಡ್‌ಫೋನ್ ಬೇಕು. ಇಲ್ಲಾಂದ್ರೆ ಕಾಫಿ ಕೊಯ್ಲಿನ ಟೈಮಲ್ಲಿ ಕಣದ ಕೆಲ್ಸ ಎಲ್ಲಾ ಮುಗಿದ್ಮೇಲೆ ರಾತ್ರಿ ಹಾಕಿ. 2000ದಲ್ಲಿ ಬಂದ ಎಡಿಷನ್ನಲ್ಲಿ ಕೊನೆಗೆ ಬೋನಸ್ ಟ್ರ್ಯಾಕ್ಸ್ ಸೇರ್ಸಿದಾರೆ, ಮೊದಲ್ನೇ ಸಲ ಕೇಳೋವಾಗ "ಬ್ಯಾಂಡೇರಾ"ಗೆ ನಿಲ್ಲಿಸಿಬಿಡಿ, ಕಥೆ ಮುಗಿಯೋದು ಅಲ್ಲೇ.